ದಾಯಾದಿ ಗಾಡಿ

ಹಿರಿಯೂರು, ೩೦ ಫೆಬ್ರವರಿ ೨೧೮೭

ಒಂದೂವರೆ ಶತಮಾನದ ಹಿಂದೆ ಕೂತು ಕಾರು ಕಟ್ಟುತ್ತಿರುವ ಹಿರಿಯರಿಗೆ, ಗಾಡಿ ರಿಪೇರಿಯ ಓಬಕ್ಕ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದನ್ನು ವರ್ಷದ ಕೊನೆಗೆ ರಜೆಯೆಂದು ಕಳೆಯುತ್ತೇವೆ. ನನ್ನ ಮಾತೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಬಗ್ಗೆ ನಮಗೆ ಶಾಲೆಯಲ್ಲಿ ಒಳ್ಳೆಯದನ್ನೇನೂ ಹೇಳಿಕೊಡಲಿಲ್ಲ. ಒಂದೇ ಅಡಿಪಾಯದ ಮೇಲೆ ನಾಲ್ಕು ಕಾರು ಕಟ್ಟಿ, ಮೂತಿ ತಿದ್ದಿ, ದೀಪ ಬದಲಿಸಿ, ಒಂದೊಂದು ದೇಶದಲ್ಲಿ ಒಂದೊಂದು ಹೆಸರಿಟ್ಟು ಮಾರಿದ ಕಿಲಾಡಿಗಳು ಎಂದೇ ನಾನೂ ನಂಬಿದ್ದೆ. ಹೀಗೆ ಒಂದೇ ಅಡಿಪಾಯ ಹಂಚಿಕೊಂಡು ಮಾರುಕಟ್ಟೆಯಲ್ಲಿ ಪೈಪೋಟಿಗೆ ನಿಂತವನ್ನು ನಾವು ದಾಯಾದಿ ಗಾಡಿಗಳೆನ್ನುತ್ತೇವೆ.

ಹೋದ ತಿಂಗಳು, ಬಸುರಿಯರನ್ನು ಆಸ್ಪತ್ರೆಗೆ ಒಯ್ಯುವ ನಮ್ಮೂರಿನ ಹೆರಿಗೆ ಗಾಡಿ ಕೆಟ್ಟು ನಿಂತಿತು. ಹೊಸ ಗಾಡಿ ಯಾರೂ ಕಟ್ಟದ ಕಾಲ ಇದು. ನಿಮ್ಮವಕ್ಕೇ ಬಿಸಿಲಿನಿಂದ ಓಡುವ ಮೋಟರು ಕೂರಿಸಿಕೊಂಡಿದ್ದೇವೆ. ಮುಂದಿನ ಚಕ್ರ ಹಿಡಿದಿಡುವ ಕಬ್ಬಿಣದ ತೋಳು ಮುರಿದಿತ್ತು. ನನ್ನ ತಂಗಿ ಚೌಡಿಗೆ ದಿನ ತುಂಬಿತ್ತು, ಮಗು ಅಡ್ಡ ತಿರುಗಿತ್ತು, ಆಸ್ಪತ್ರೆ ನಲವತ್ತು ಮೈಲಿ ದೂರ, ಬೇರೆ ಗಾಡಿಯಿಲ್ಲ. ಮೂತಿಯ ಮೇಲಿದ್ದ ಹೆಸರನ್ನೇ ಹಿಡಿದು ಮೂರು ದಿನ ಗುಜರಿಯೆಲ್ಲ ಜಾಲಾಡಿದೆ. ಆ ಹೆಸರಿನ ಒಂದು ಮೊಳೆಯೂ ಸಿಗಲಿಲ್ಲ.

ಕೊನೆಗೆ, ನನಗೆ ಕೆಲಸ ಕಲಿಸಿದ ಜರೀನಜ್ಜಿ ಬಂದು ಗದರಿದರು: "ಹೆಸ್ರು ಕಟ್ಕೊಂಡು ನಿಂಗೇನಾಗ್ಬೇಕೇ? ತೋಳು ಮಗುಚಿ ನಂಬರ್ ನೋಡು!"

ಮಸಿ ಒರೆಸಿದೆ. ಲೋಹದಲ್ಲೇ ಒತ್ತಿದ ಹನ್ನೊಂದು ಅಂಕಿ ಕಂಡವು. ಅವೇ ಅಂಕಿಗಳು, ಕಡಲಾಚೆಯಿಂದ ಗುಜರಿಗೆ ಬಂದಿದ್ದ, ಸ್ಟೀರಿಂಗ್ ಎಡಕ್ಕಿದ್ದ, ಹೆಸರೇ ಓದಲು ಬಾರದ ಒಂದು ಕಾರಿನ ತೋಳಿನಡಿಯೂ ಇದ್ದವು. ಮೂರು ದಿನವೂ ನಾನು ಅದರ ಮೇಲೆ ಕೂತೇ ಬುತ್ತಿ ಉಂಡಿದ್ದೆ! ಬಿಚ್ಚಿ ತಂದೆ. ಬೋಲ್ಟುಗಳೆಲ್ಲ ಹಳೆಯ ತೂತುಗಳಲ್ಲೇ ಕೂತವು. ಎಲ್ಲೂ ಚೂರೂ ಉಜ್ಜಬೇಕಾಗಲಿಲ್ಲ. ನಿಜ ಹೇಳುತ್ತೇನೆ, ಅಲ್ಲೇ ಅತ್ತುಬಿಟ್ಟೆ. ಒಬ್ಬರ ಮುಖ ಒಬ್ಬರು ನೋಡದವರು, ಎರಡು ದೇಶದಲ್ಲಿ ಕೂತು, ಒಂದೇ ಅಳತೆಗೆ ಅಷ್ಟು ನಿಷ್ಠರಾಗಿದ್ದಿರಲ್ಲ! ಕಿಲಾಡಿಗಳೆಂದ ಬಾಯಿಂದಲೇ ಕೈ ಮುಗಿಯುತ್ತೇನೆಂದು ಹೇಳುತ್ತಿದ್ದೇನೆ. ಚೌಡಿ ಸಂಜೆಯೊಳಗೆ ಆಸ್ಪತ್ರೆ ಸೇರಿದಳು. ಹೆಣ್ಣು ಮಗು, ಗಂಟಲು ಬಲು ಜೋರು.

ಈಗ ಒಂದು ಬೇಡಿಕೆ. ಹೆಸರು ನೂರಿಡಿ, ಮೂತಿ ನೂರು ಮಾಡಿ, ನಮ್ಮ ಅಡ್ಡಿಯಿಲ್ಲ. ಆದರೆ ನಿಮ್ಮಲ್ಲಿ ಕೆಲವರು ಆ ಅಂಕಿಯನ್ನು ಲೋಹಕ್ಕೆ ಒತ್ತದೆ, ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದೀರಿ. ದಯವಿಟ್ಟು ನಿಲ್ಲಿಸಿ. ಪಕ್ಕದೂರಿನ ಹೆರಿಗೆ ಗಾಡಿ ಅಂಥದ್ದು. ಅದರ ತೋಳೂ ಮುರಿದು ಇವತ್ತು ಬೆಳಿಗ್ಗೆ ನನ್ನ ಬಳಿ ಬಂದಿದೆ. ಮಗುಚಿ ನೋಡಿದೆ, ಬರೀ ಅಂಟು ಉಳಿದಿದೆ. ಆ ಊರಲ್ಲಿ ಇಬ್ಬರಿಗೆ ದಿನ ತುಂಬುತ್ತಿದೆ.