ನಾಲ್ಕು ರಾಶಿಯ ಮಿಡಿ

ಬನವಾಸಿ, ತಾ. ಶಿರಸಿ
೨೪ ಮಾರ್ಚ್ ೨೦೨೫

ಪ್ರೀತಿಯ ಆನಂದಣ್ಣಗ, ನಿನ್ನ ತಂಗಿ ಮಹೇಶ್ವರಿಯ ನಮಸ್ಕಾರ.

ಹೆಂಗದಿ? ಗಡಿ ಮ್ಯಾಲೆ ಥಂಡಿ ಕಡಿಮಿ ಆತೇನು? ಮೊಣಕಾಲಿಗೆ ಎಣ್ಣಿ ತಿಕ್ಕೋ ಅಂದ್ರ ತಿಕ್ಕೊಳ್ಳಾಂವಲ್ಲ ನೀ. ನಾವೆಲ್ಲ ಆರಾಮ ಅದೀವಿ ಅಂತ ಬರೀಬೇಕು, ಆದ್ರ ನನಗ ಮೈಯೆಲ್ಲ ಉರಿಯಾಕತ್ತೈತಿ. ಫೋನಿನ್ಯಾಗ ಅತ್ತುಬಿಡ್ತೀನಿ ಅಂತ ಕಾಗದ ಬರ್ಯಾಕತ್ತೀನಿ.

ನಿನ್ನೆ ಬದುವಿನ ಮಾವಿನಮರದ ಮಿಡಿ ಕೊಯ್ಸಿದ್ವಿ. ಅಪ್ಪನ ಪದ್ಧತಿ ನಿನಗ ಗೊತ್ತೈತಿ. ನಾವು ನಾಲ್ಕು ಮಂದಿ ಮಕ್ಕಳಿಗೆ ನಾಲ್ಕು ರಾಶಿ, ಒಂದೊಂದರ ಮುಂದೂ ನಿಂತು ಹೆಸರು ಹಿಡಿದು ಕೂಗೋದು. ಅಪ್ಪನ ನಂತರ ಅದನ್ನ ನಮ್ಮ ಶರಣಣ್ಣ ನಡಸ್ತಾನ. ನೀ ಊರಾಗ ಇಲ್ಲದಿದ್ರೂ ನಿನ್ನ ಹೆಸರು ಒಂದು ವರ್ಷನೂ ತಪ್ಪಿಲ್ಲ. ಶೈಲಕ್ಕ ತೀರಿಕೊಂಡ ಮ್ಯಾಲೆ ಇದು ಮೊದಲ ಕೊಯ್ಲು. ಅವರವ್ವನ ರಾಶಿ ತುಂಬಿಕೊಳ್ಳಾಕ ದಿವ್ಯಾ ತಾನೇ ಬುಟ್ಟಿ ತೊಳದು ಮುಂಜಾನಿಂದ ಬಗಲಾಗ ಹಿಡ್ಕೊಂಡಿದ್ಲು. ತಂದಿ-ತಾಯಿ ಇಲ್ಲದ ಕೂಸು, ನಮ್ಮ ಮನಿಗೆ ಬಂದಾಗಿಂದ ಏನಕ್ಕಾದ್ರೂ ಆಸಿ ಪಟ್ಟಿದ್ದು ಅದೇ ಮೊದಲು.

ಹೋಗಿ ನೋಡಿದ್ರ ಎರಡೇ ರಾಶಿ. ಶರಣಣ್ಣ ಹೈಸ್ಕೂಲಿನ್ಯಾಗ ಗಣಿತ ಕಲಸ್ತಾನಲ್ಲ, ಮರದ ಬುಡಕ್ಕೂ ಪಾಠ ಸುರು ಮಾಡಿದ. ಆನಂದಣ್ಣನ ಪಾಲು ಹೆಂಗೂ ನನ್ನ ಕಡೆ, ಶೈಲಾನ ಪಾಲು ನಿನ್ನ ಕಡೆ, ನಾಲ್ಕರಾಗ ಎರಡು ಅಂದ್ರ ಅರ್ಧ, ಸುಮ್ನ ಯಾಕ ನಾಲ್ಕು ರಾಶಿ ಅಂದ. ಸಾಲದ್ದಕ್ಕ ದಿವ್ಯಾನ್ನ ಕರದು, ಎರಡು ಬೈ ನಾಲ್ಕನ್ನ ಸರಳ ರೂಪಕ್ಕ ತಂದ್ರ ಎಷ್ಟು ಅಂತ ಕೇಳಿದ. ಆರನೇ ಇಯತ್ತೆ ಹುಡುಗಿ, ಮ್ಯಾಲೂ ಕೆಳಗೂ ಎರಡರಿಂದ ಭಾಗಿಸಿ, "ಒಂದು ಬೈ ಎರಡು, ಮಾಮಾ" ಅಂತು. ನೋಡು, ಅಕೀಗೂ ತಿಳೀತೈತಿ ಅಂದು, ನನ್ನ ಹೆಸರೊಂದನ್ನ ಕೂಗಿದ. ದಿವ್ಯಾ ಬುಟ್ಟಿ ಬೆನ್ನ ಹಿಂದ ಸರಿಸಿಕೊಂಡ್ಲು.

ಲೆಕ್ಕ ಸರಿ ಐತಿ, ನಾ ಅಲ್ಲ ಅನ್ನಂಗಿಲ್ಲ. ಒಂದು ಮಿಡಿನೂ ಕಡಿಮಿ ಬಂದಿಲ್ಲ. ಆದ್ರ ಕೂಸಿನ ಬಾಯಿಂದನ ಅದರ ತಾಯಿ ಹೆಸರು ಹೊಡದು ಹಾಕಿಸಿದನಲ್ಲ ಅಣ್ಣಾ, ಇಂಥಾಂವಗ ಏನನ್ನಬೇಕು? ಹೊಡದು ಹಾಕಾಕ ಶೈಲಕ್ಕ ಅಂದ್ರ ಅಂಕಿ ಏನು? ನಿನ್ನೆಯಿಂದ ದಿವ್ಯಾ ಸರಿ ಉಂಡಿಲ್ಲ. ಯಾಕವ್ವಾ ಅಂದ್ರ, "ಉತ್ತರ ನಾನೇ ಹೇಳಿದ್ನಲ್ಲ ಚಿಗವ್ವಾ" ಅಂತಾಳ. ಹಿರಿಯಾಂವ ನೀ, ನಿನ್ನ ಮಾತು ಮೀರಂಗಿಲ್ಲ ಅಂವ. ಚಲೋತ್ನಂಗ ಬೈ.

ಅವ್ವ ನಿನಗ ಆಶೀರ್ವಾದ ಹೇಳ್ಯಾಳ, ಹೊತ್ತಿಗೆ ಸರಿಯಾಗಿ ಉಣ್ಣು ಅಂತಾಳ.

ನಿನ್ನ ತಂಗಿ,
ಮಹೇಶ್ವರಿ

ತಾ.ಕ.: ಶರಣಣ್ಣನ ಹೆಂಡತಿ ಈಗ ಹಿತ್ತಲ ಬಾಗಲಿಗೆ ಬಂದು ಹೇಳಿಹೋದ್ಲು. ನಾವು ಹೋಗೋ ಮುಂಚೆ ಅಂವ ನಾಲ್ಕೇ ರಾಶಿ ಹಾಕಿದ್ನಂತ. ಮೂರನೇದರ ಮುಂದ ನಿಂತು ಶೈಲಾ ಅನ್ನಾಕ ಹೋದ್ರ ದನಿನ ಹೊರಗ ಬರಲಿಲ್ಲಂತ. ಕುಂತು ಅತ್ತು, ಆಮ್ಯಾಲೆ ರಾಶಿ ಕೂಡಿಸಿದ್ನಂತ. ನನ್ನ ಸಿಟ್ಟು ಇಳಿದಿಲ್ಲ, ಆದ್ರೂ ನೀ ಬೈಬ್ಯಾಡ. ಮತ್ತ ನಾಲ್ಕು ರಾಶಿ ಹಾಕಿ, ಶೈಲಾ ಅನ್ನಾಕ ಆಗದಿದ್ರ ದಿವ್ಯಾ ಅಂತ ಕೂಗು ಅಂತ ಹೇಳು. ಇದರ ಫೋಟೋ ಹೊಡದು ವಾಟ್ಸಾಪಿಗೂ ಹಾಕ್ತೀನಿ, ಲಗೂ ಅಂವಗ ಫೋನ್ ಮಾಡು. ಮಿಡಿ ಇನ್ನೂ ಉಪ್ಪಿಗೆ ಹಾಕಿಲ್ಲ.