ಅಂಗಾಲಿಗೆ ಹಚ್ಚಿದ ಹಸಿರು ಗುಳಿಗೆ

ಕಾನಹೊಸಹಳ್ಳಿ
9-2-2025, ಭಾನುವಾರ

ಪ್ರೀತಿಯ ಮಾವಾ,

ನಿಮ್ಮ ಆರೋಗ್ಯ ಹೇಗಿದೆ? ಕೆಮ್ಮು ಹೋಯಿತೇ? ಮಾಗಳದ ಗದ್ದೆಗಳಲ್ಲಿ ಬೆಳಗಿನ ಹೊಳೆಗಾಳಿ ಮೈ ನಡುಗಿಸುತ್ತದೆ ಎಂದು ಪಕ್ಕದ ಮನೆಯ ಭೀಮೇಶ್ ಹೇಳಿದ. ನೀವು ಒಂದೇ ಕಂಬಳಿ ಒಯ್ದಿದ್ದೀರಿ. ಇನ್ನೊಂದನ್ನು ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೊತೆ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಹಿಂಡಿನಲ್ಲಿ ಎಷ್ಟು ಮರಿ ಆದವು, ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿದ್ದಕ್ಕೆ ಗದ್ದೆಯವರು ಈ ಸಲವಾದರೂ ಹುಳ ಬೀಳದ ಅಕ್ಕಿ ಕೊಟ್ಟರೇ, ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಕೀರ್ತನಾಳ ಹೆಸರು ಎತ್ತಿದ ಕೂಡಲೇ ನಿಮಗೆ ಸಿಗ್ನಲ್ ಹೋಗುತ್ತದೆ. ಕಾಗದವನ್ನೂ ಅರ್ಧಕ್ಕೆ ಮಡಚಿಡಬಹುದು, ಆದರೆ ಅದು ಜೇಬಿನಲ್ಲಿ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಗಳು ಈಗ ಗೋಡೆ ಹಿಡಿದೂ ನಡೆಯಲಾರಳು. ಬಚ್ಚಲಿಗೆ ನಾನೇ ಎತ್ತಿಕೊಂಡು ಹೋಗಬೇಕು. ಹದಿನಾಲ್ಕು ವರ್ಷದವಳಿಗೆ ಅದೆಷ್ಟು ನಾಚಿಕೆ ಎಂದರೆ, ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ. ಮಾತೂ ಎಳೆಯುತ್ತದೆ. ಬೀರಲಿಂಗೇಶ್ ಎಂದಿನಂತೆ ಅಕ್ಕನನ್ನು ಕೆಣಕುತ್ತಾನೆ. ಅವಳೂ ಬಿಡುವುದಿಲ್ಲ: “ನಿಂದೇನ್ ಮಹಾ ಓಟ ಲೇ, ನಾಯಿ ಬೆನ್ನತ್ತಿದ್ರ ಕುರೀನೂ ಓಡ್ತಾವ.” ಆದರೆ ಅವಳ ಮಾತು ಮುಗಿಯುವ ಹೊತ್ತಿಗೆ ಅವನು ಬೀದಿಯ ತಿರುವು ದಾಟಿರುತ್ತಾನೆ.

ಸಂಕ್ರಾಂತಿಯಾದ ಮೇಲೆ ದಾವಣಗೆರೆಗೆ ಹೋದಾಗ ನೀವು ಡಾಕ್ಟರಮ್ಮನ ಎದುರಿನಿಂದ ಎದ್ದು ಹೊರಗೆ ನಡೆದಿರಿ. ಅವರು ಆಮೇಲೆ ಹೇಳಿದ್ದನ್ನು ನೀವು ಕೇಳಲೇ ಇಲ್ಲ. ಕೀರ್ತನಾಳಲ್ಲಿ ಕಡಿಮೆ ಇರುವ ಇ ಜೀವಸತ್ವ ಎಣ್ಣೆಯಲ್ಲಿ ಇರುತ್ತದಂತೆ: ಶೇಂಗಾದಲ್ಲಿ, ಸೂರ್ಯಕಾಂತಿಯಲ್ಲಿ, ಕುಸುಬೆಯಲ್ಲಿ. ಅದರಲ್ಲಿ ಹಲವು ಬಗೆಗಳಿದ್ದರೂ ನಮ್ಮ ಪಿತ್ತಜನಕಾಂಗ ಆಲ್ಫಾ ಎಂಬ ಒಂದನ್ನೇ ಆರಿಸಿಕೊಂಡು ರಕ್ತಕ್ಕೆ ಕೊಡುತ್ತದೆ, ಉಳಿದವನ್ನು ಹೊರಗೆ ಹಾಕುತ್ತದೆ. ಬೀಜದಿಂದ ತೆಗೆದದ್ದೂ ಇದೆ, ಕಾರ್ಖಾನೆಯಲ್ಲಿ ಮಾಡಿದ್ದೂ ಇದೆ. ಬೀಜದ್ದು ಮೈಗೆ ಹೆಚ್ಚು ದಕ್ಕುತ್ತದೆ. ನರಗಳು ಸವೆಯದಂತೆ ಕಾಯುವುದು ಅದರ ಕೆಲಸ. ಅದನ್ನು ರಕ್ತಕ್ಕೆ ದಾಟಿಸುವ ಒಂದು ಅಂಶವೇ ಕೀರ್ತನಾಳ ಮೈಯಲ್ಲಿ ಇಲ್ಲ. ತಿಂದದ್ದು ಬರುತ್ತದೆ, ನಿಲ್ಲದೆ ಹೋಗುತ್ತದೆ. ಅದಕ್ಕೇ ಅವಳಿಗೆ ದೊಡ್ಡ ಪ್ರಮಾಣದಲ್ಲಿ, ಊಟದ ಜೊತೆ, ಬದುಕಿರುವವರೆಗೂ ಕೊಡಬೇಕು. ಇದನ್ನು ಬೊಮ್ಮಜ್ಜಿಗೆ, ನಿಮ್ಮ ಅವ್ವನಿಗೆ, ಬಿಡಿಸಿ ಹೇಳಿದೆ. “ಶೇಂಗಾ ತಿಂದು ಬೆಳೆದ ಕೂಸಿಗೆ ಎಣ್ಣಿ ಸಾಲಂಗಿಲ್ಲ ಅಂದ್ರ ಯಾರರ ನಂಬತಾರೇನ? ಆ ಡಾಕ್ಟರಮ್ಮ ನಮ್ಮ ಹೊಲ ನೋಡ್ಯಾಳೇನು?” ಎಂದು ನನ್ನನ್ನೇ ಬೈದಳು.

ನಮ್ಮ ಸಂಬಂಧವನ್ನೂ ಡಾಕ್ಟರಮ್ಮ ಕೇಳಿದರು. ಅವ್ವನ ತಮ್ಮನನ್ನೇ ಮದುವೆಯಾದೆ ಎಂದೆ. ಒಂದೇ ಮನೆತನದ ಒಂದು ಕುಂದು ನಮ್ಮಿಬ್ಬರಲ್ಲೂ ಅಡಗಿತ್ತು, ಎರಡೂ ಸೇರಿ ಮಗುವಿನಲ್ಲಿ ಕಾಣಿಸಿಕೊಂಡಿತು ಎಂದರು. ಹಿಂಡು ಒಡೆಯಬಾರದು ಎಂದು ಈ ಮದುವೆ ಮಾಡಿಸಿದವಳು ಅಜ್ಜಿಯೇ. ಈ ಮಾತನ್ನು ಅವಳಿಗೆ ಹೇಳಿಲ್ಲ. ಹೇಳಿ ಆಗುವುದೇನಿದೆ?

ಇನ್ನು ಈ ಜೀವಸತ್ವದ ಗುಳಿಗೆಯ ವಿಷಯ. ಹೋದ ವರ್ಷ ಮೊದಲ ಸಲ ಅವರು ಬರೆದುಕೊಟ್ಟಾಗ ಅದು ನಮಗೆ ಹೊಸದಾಗಿರಲಿಲ್ಲ. ಊರಿನ ಹುಡುಗಿಯರೆಲ್ಲ ಅದೇ ಹಸಿರು ಗುಳಿಗೆಗೆ ಪಿನ್ನು ಚುಚ್ಚಿ ಕೆನ್ನೆಗೆ ಹಚ್ಚಿಕೊಳ್ಳುತ್ತಾರೆ. ಔಷಧಿ ಅಂಗಡಿಯವನು “ಮುಖಕ್ಕೇನ್ರಿ?” ಎಂದ. ನೀವು “ಇಲ್ಲಪಾ, ಕಾಲಿಗೆ” ಎಂದಿರಿ. “ಹಂಗಾದ್ರ ಚಲೋ ತಿಕ್ಕ್ರಿ” ಎಂದ. ಎದ್ದು ನಿಲ್ಲದ ಕುರಿಮರಿಗಳ ಕಾಲಿಗೆ ಬಿಸಿ ಎಣ್ಣೆ ತಿಕ್ಕಿ ನಿಲ್ಲಿಸಿದ ಕೈ ನಿಮ್ಮದು. ಮುಂಗಾರು ಬಿತ್ತನೆಯಿಂದ ಸಂಕ್ರಾಂತಿಯವರೆಗೆ, ದಿನಾ ಸಂಜೆ ಹಿಂಡು ಮನೆಗೆ ಬಂದ ಮೇಲೆ, ಕಟ್ಟೆಯ ಮೇಲೆ ಮಗಳ ಅಂಗಾಲು ತೊಡೆಯ ಮೇಲಿಟ್ಟುಕೊಂಡು, ಗುಳಿಗೆ ಚುಚ್ಚಿ ಎಣ್ಣೆ ತಿಕ್ಕುತ್ತ ಕುಳಿತಿರುತ್ತಿದ್ದಿರಿ. ಅಷ್ಟು ಅಕ್ಕರೆಯಿಂದ ಮಗಳ ಕಾಲು ಹಿಡಿದ ಗಂಡಸನ್ನು ನಾನು ಈ ಊರಿನಲ್ಲಿ ಕಂಡಿಲ್ಲ.

ತಿಕ್ಕುವುದಲ್ಲ, ನುಂಗಿಸಬೇಕಿತ್ತು ಎಂದು ಡಾಕ್ಟರಮ್ಮ ಅಂದ ಕೂಡಲೇ ನೀವು ಎದ್ದು ಹೋದಿರಿ. ಆಗಲೇ ನುಂಗಿಸಿದ್ದರೆ ಎಂದು ನಾನು ಕೇಳಿದೆ. ಸತ್ತ ನರ ಮರಳುವುದಿಲ್ಲ, ಉಳಿದದ್ದು ಉಳಿಯುತ್ತಿತ್ತು ಎಂದರು. ಆಗ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಆದ್ದರಿಂದ ನಿಮ್ಮಿಂದ ಏನೂ ಕೆಡಲಿಲ್ಲ ಎಂದು ಬರೆಯಲಾರೆ. ಬರೆದರೂ ನೀವು ನಂಬುವವರಲ್ಲ. ಈಗ ಊಟಕ್ಕೊಮ್ಮೆ ತಪ್ಪದೆ ನುಂಗಿಸುತ್ತಿದ್ದೇನೆ. ಇನ್ನಷ್ಟು ಕೆಡದಿದ್ದರೆ ಅದೇ ದೊಡ್ಡದು, ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ. ನಾನು ಇಟ್ಟುಕೊಂಡಿಲ್ಲ.

ಮೊನ್ನೆ ಕೀರ್ತನಾ ಕೇಳಿದಳು: “ಅಪ್ಪ ಬಂದ್ರ ಕಾಲು ತಿಕ್ಕತಾನೇನವ್ವಾ?” ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಲ್ಲ ಎಂದೆ. “ಗೊತ್ತೈತಿ. ಬೆಚ್ಚಗಿರತೈತಿ, ಅದಕ್ಕ” ಎಂದಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

ಹಿಂಡನ್ನೂ ಹಿಂಡಿನ ಹಿಂದಿರುವವರನ್ನೂ ಬೀರಪ್ಪ ಕಾಯಲಿ. ಅಜ್ಜಿ ನಿಮ್ಮನ್ನು ಹರಸಿದ್ದಾಳೆ. ಮಕ್ಕಳು ನಮಸ್ಕಾರ ಹೇಳಿದ್ದಾರೆ.

ನಿಮ್ಮ
ಕೊಟ್ರಬಸಮ್ಮ

ತಾ.ಕ.: ಭೀಮೇಶ್ ಬೈಕು ಚಾಲೂ ಮಾಡಿ ನಿಂತಿದ್ದಾನೆ. ಅಂದು ನೀವು ಹೊರಗೆ ಹೋದಾಗ ಬೀರಲಿಂಗೇಶನ ರಕ್ತವನ್ನೂ ತೆಗೆದುಕೊಂಡಿದ್ದರು. ಮೊನ್ನೆ ಫೋನ್ ಬಂತು. ಅವನಲ್ಲೂ ಆ ಜೀವಸತ್ವ ನಿಲ್ಲುತ್ತಿಲ್ಲವಂತೆ. ಕಾಲು ಇನ್ನೂ ಗಟ್ಟಿ ಇವೆ, ಇಂದಿನಿಂದಲೇ ನುಂಗಿದರೆ ಹೀಗೇ ಉಳಿಯಬಹುದು ಎಂದರು. ಗುಳಿಗೆ ಕೊಟ್ಟರೆ ಅವನು ಉಗುಳುತ್ತಾನೆ. “ಗಟ್ಟಿಮುಟ್ಟಾದ ಹುಡುಗಗ ಯಾಕ ಬ್ಯಾನಿ ಹಚ್ಚತಿ?” ಎಂದು ಅಜ್ಜಿ ಅವನನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಅವರಿಬ್ಬರೂ ಕೇಳುವುದು ನಿಮ್ಮ ಮಾತನ್ನು ಮಾತ್ರ. ನಿನ್ನೆಯದನ್ನು ಉಗುಳಿದ. ಇವತ್ತಿನದನ್ನೂ. ಇದೇ ಬೈಕಿನಲ್ಲಿ ಬಂದುಬಿಡಿ.