ಕಿಟಕಿಯ ಕೆಳಗಿನ ಮುಳ್ಳು

ಮಾರ್ಚ್ ೧೨, ಗುರುವಾರ

ಪ್ರೀತಿಯ ಪುಟ್ಟನಿಗೆ,

ಸೋದರಮಾವನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದುಕೊಂಡಿದ್ದೇನೆ. ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ವಾರದಿಂದ ನಿನ್ನ ಒಂದು ಕರೆಯನ್ನೂ ಎತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ನಿನ್ನ ದನಿ ಕೇಳಿದರೆ ಹೇಳಬೇಕಾದದ್ದನ್ನು ಹೇಳಲಾರೆ. ಅದಕ್ಕೇ ಈ ಕಾಗದ.

ಕಳೆದ ಗುರುವಾರ ನೀನು ಬ್ಯಾಗು ಹೆಗಲಿಗೇರಿಸಿ ಹೊರಟ ಮೇಲೆ ನಮ್ಮ ಲೇಡೀಸ್ ಹಾಸ್ಟೆಲಿನಲ್ಲಿ ದೊಡ್ಡ ಗಲಾಟೆಯಾಯಿತು. ಮೂಲೆ ಕೋಣೆಯ ನರ್ಸ್ ಹುಡುಗಿ ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮಲಗಿದ್ದಳಂತೆ. ಸದ್ದಾಗಿ ಕಣ್ಣು ಬಿಟ್ಟರೆ, ಮುಖಕ್ಕೆ ಕರವಸ್ತ್ರ ಕಟ್ಟಿದವನೊಬ್ಬ ಕಿಟಕಿಯಿಂದ ಅರ್ಧ ಒಳಗೆ ಬಂದಿದ್ದ. ಕೂಗಲು ದನಿಯೇ ಹೊರಡದೆ, ಎರಡೂ ಕೈಯಿಂದ ನೂಕಿಬಿಟ್ಟಳು. ಅವನು ಕೆಳಗಿನ ಗುಲಾಬಿ ಪೊದೆಗೆ ಬಿದ್ದು, ಮೈಕೈ ಪರಚಿಕೊಂಡು ಓಡಿದ. ಬಾಗಿಲು ಹಾಕಿಕೊಂಡು ಕೂತಿದ್ದವಳು ಸಂಜೆ ನನ್ನ ಬಳಿ ಬಂದಳು. ವಾರ್ಡನ್ ನಾನೇ ಅಲ್ಲವೇ?

ಹಾಸ್ಟೆಲ್ ಮಾಲೀಕರು ಬಂದು ಅವಳಿಗೇ ಬುದ್ಧಿ ಹೇಳಿದರು. "ನೋಡಮ್ಮ, ಮುಳ್ಳಿನ ಮೇಲೆ ಬಟ್ಟೆ ಬಿದ್ರೂ, ಬಟ್ಟೆ ಮೇಲೆ ಮುಳ್ಳು ಬಿದ್ರೂ ಹರಿಯೋದು ಬಟ್ಟೆನೇ. ಸುಮ್ನಿದ್ದುಬಿಡು."

"ಹರಿದಿರೋದು ನನ್ನ ಬಟ್ಟೆ ಅಲ್ಲ ಸರ್, ಅವನ ಅಂಗಿ," ಎಂದಳು ಅವಳು. ಪೊದೆಯಲ್ಲಿ ಸಿಕ್ಕಿಕೊಂಡಿದ್ದ ನೀಲಿ ಚೌಕುಳಿ ಬಟ್ಟೆಯ ಚೂರನ್ನು ಮೇಜಿನ ಮೇಲಿಟ್ಟಳು.

ಮಾಲೀಕರು ರೇಗಿದರು. "ನಾಳೆನೇ ಆ ಗಿಡ ಕಡಿಸಿಹಾಕ್ತೀನಿ."

"ಮೊದಲು ನನ್ನ ಕೆಲಸದಿಂದ ತೆಗೀರಿ. ಆಮೇಲೆ ಗಿಡ ಕಡಿಸೋರಂತೆ," ಎಂದೆ. ಎಲ್ಲಿಂದ ಬಂತೋ ಆ ಧೈರ್ಯ.

ಈ ನರ್ಸ್ ಹುಡುಗಿಗೇ ಹೂ ಕೊಡಲು ಹೋಗಿ, ಬೇಡವೆನ್ನಿಸಿಕೊಂಡು ನೀನು ಬಂದ ದಿನ ನೆನಪಾಯಿತು. ಬಿಟ್ಟುಬಿಡೋ ಎಂದರೆ ನೀನು ನಕ್ಕಿದ್ದೆ. "ಗುಲಾಬಿಗೆ ಮುಳ್ಳು ಯಾಕಿರುತ್ತೆ ಗೊತ್ತಾಮ್ಮ? ಚುಚ್ಚಿಸಿಕೊಳ್ಳೋ ಧೈರ್ಯ ಇರೋನಿಗೇ ಹೂವು ಅಂತ!" ಪ್ರೀತಿಯೆಂದರೆ ಹಾಗೆಯೇ ಎಂದು ಎಲ್ಲರೂ ಹೇಳುತ್ತಾರೆ, ನಿಜ. ನನಗೆ ತಿಳಿದದ್ದು ಬೇರೆ. ಬಾಯಿ ಹಾಕಲು ಬರುವ ಮೇಕೆಗೆ ಗಿಡ ಮಾತಾಡಿ ಹೇಳಲಾರದು. ಮುಳ್ಳೇ ಅದರ 'ಬೇಡ'. ಅದರಲ್ಲಿ ಯಾರ ಧೈರ್ಯದ ಪರೀಕ್ಷೆಯೂ ಇಲ್ಲ. ಈ ಹುಡುಗಿಯಂತೂ ಬಾಯಿಬಿಟ್ಟೇ ಹೇಳಿದ್ದಳಲ್ಲೋ.

ಕಳೆದ ಗುರುವಾರ ಊರಿಗೆ ಹೊರಡುವ ಮುಂಚೆ ನೀನು, ಬೈಕಿನಿಂದ ಬೇಲಿಗೆ ಬಿದ್ದೆ ಎಂದು ರಕ್ತ ಸೋರುವ ತೋಳು ಹಿಡಿದುಕೊಂಡು ಬಂದೆ. ಸೂಜಿಯಿಂದ ಮುಳ್ಳು ತೆಗೆಯುವಾಗ ಚಿಕ್ಕಂದಿನ ಹಾಗೆ "ಅಮ್ಮಾ, ಮೆಲ್ಲಗೆ" ಎಂದೆ. ನಾನು ಊದಿ ಊದಿ ತೆಗೆದೆ. ಹರಿದ ಅಂಗಿಯನ್ನು ಬಕೆಟ್ಟಿಗೆ ಹಾಕಿ ಹೋಗಿದ್ದೀಯ. ನೀಲಿ ಚೌಕುಳಿ. ಒಗೆಯಲಿಲ್ಲ ನಾನು.

ನಿನಗೆ ಒಳ್ಳೆಯದಾಗಲಿ ಎಂದೇ ಈಗಲೂ ಬೇಡುತ್ತೇನೆ. ಯಾವುದು ಒಳ್ಳೆಯದು ಎಂಬುದಷ್ಟೇ ಬದಲಾಗಿದೆ.

ನಿನ್ನ ಅಮ್ಮ

ತಾ.ಕ.: ಅಂಗಿಯನ್ನೂ ಮಾವನ ಮನೆಯ ವಿಳಾಸವನ್ನೂ ಪೊಲೀಸರಿಗೆ ನಾನೇ ಕೊಟ್ಟು ಬಂದೆ. ಈ ಕಾಗದಕ್ಕಿಂತ ಮೊದಲೇ ಅವರು ಬಂದಿರಬಹುದು. ಓಡಬೇಡ ಕಂದ. ಹುಡುಗಿಗೂ ನಾನೇ ಹೇಳಿದೆ. ನನ್ನ ತೊಡೆಯ ಮೇಲೆ ತಲೆಯಿಟ್ಟು "ಅಮ್ಮ, ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತು" ಎನ್ನುತ್ತಿದ್ದವಳು, ನಿನ್ನ ಹೆಸರು ಕೇಳಿ ಮೆಲ್ಲಗೆ ಎದ್ದು ಕೂತಳು. ಈಗ ಎದುರು ಸಿಕ್ಕರೆ "ನಮಸ್ತೆ ಮೇಡಂ" ಎನ್ನುತ್ತಾಳೆ.